ಬಾನುಲಿಯ ವಾಚಿಕಾಭಿನಯ

೧

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸುವುದು ನಮ್ಮ ಲಾಕ್ಷಣಿಕರ ಸಂಪ್ರದಾಯ. ನಾಟಕವು ಇವುಗಳಲ್ಲಿ ಮೊದಲನೆಯ ವರ್ಗಕ್ಕೆ ಸೇರಿದುದು. ಇಪ್ಪತ್ತನೆಯ ಶತಮಾನದಲ್ಲಿ ಬಾನುಲಿಯು ಬಳಕೆಗೆ ಬಂದಮೇಲೆ ಈ ವಿಭಾಗಕ್ಕೆ ಒಂದು ತೊಡಕು ಒದಗಿತು. ಪಾತ್ರಗಳೂ ಸಂಭಾಷಣೆಯೂ ಸಂಧಿಗಳೂ ಇದ್ದು, ಕಣ್ಣಿಗೆ ಗೋಚರವಾಗುವುದು ಮಾತ್ರ ಏನೂ ಇಲ್ಲದ ಹೊಸದೊಂದು ನಾಟಕಪ್ರಕಾರವು ಹುಟ್ಟಿತು. ೧೯೨೪ನೆಯ ಜನವರಿಯಲ್ಲಿ ಲಂಡನ್ನಿನಿಂದ ಪ್ರಸಾರವಾದ ರಿಚರ್ಡ್ ಹ್ಯೂಸನ ಕಿರುನಾಟಕವು ಬಾನುಲಿಗೆಂದೇ ರಚಿತವಾದ ಮೊದಲ ನಾಟಕಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಕಲ್ಲಿದ್ದಲಿನ ಗಣಿಯೊಳಗೆ ದೀಪವಾರಿ ಕತ್ತಲಲ್ಲಿ ಸಿಕ್ಕಿಬಿದ್ದವರ ಕಥೆಯನ್ನು ಕವಿಯು ಅದರಲ್ಲಿ ಆರಿಸಿಕೊಂಡನು. ಕೇಳುವವರಿಗೆ ಏನೂ ಕಾಣದೆಂಬ ಕೊರತೆಯನ್ನು ಪಾತ್ರಗಳಿಗೂ ಏನೂ ಕಾಣದಂತೆ ಮಾಡಿ ನೀಗಿಕೊಂಡ ಉಪಾಯವಿದು.

ಇಂಥ ನಾಟಕದಲ್ಲಿ ನಟನಿಗೆ ಉಳಿಯುವ ಸಾಧನವು ಕಂಠವೊಂದೇ. ಆ ಒಂದರಿಂದಲೇ ವಯಸ್ಸು, ಅಂತಸ್ತು, ಊರು, ಮನಃಸ್ಥಿತಿ ಇವೆಲ್ಲವೂ ಕೇಳುವವನಿಗೆ ತಿಳಿಯಬೇಕು. ಹೀಗೆ ತಿಳಿಯಿಸುವುದನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡು ದಶಕಗಳ ಕಾಲ ದುಡಿದವರು ಕನ್ನಡದಲ್ಲಿ ಇದ್ದಾರೆ. ಅವರ ಕೆಲಸವು ರಂಗಭೂಮಿಯ ಚರಿತ್ರೆಗೆ ಎಷ್ಟು ಸೇರಿದೆಯೋ ಭಾಷಾಶಾಸ್ತ್ರಕ್ಕೂ ಅಷ್ಟೇ ಸೇರಿದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಬೆಂಗಳೂರು ನಿಲಯದ ಪ್ರಸಾರಕ್ಕೆ ಅತ್ಯಂತ ಸಮೀಪದಲ್ಲಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಆಡುಮಾತನ್ನು ತೆಗೆದುಕೊಳ್ಳಲಾಗಿದೆ.

೨

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಬಾನುಲಿಯಲ್ಲಿ ಆಂಗಿಕ ಆಹಾರ್ಯಗಳು ಪ್ರೇಕ್ಷಕನಿಗೆ ತಲಪುವುದಿಲ್ಲ. ಸಾತ್ತ್ವಿಕದಲ್ಲಿ ಸ್ವರಭಂಗವೊಂದನ್ನು ಬಿಟ್ಟರೆ ಉಳಿದುವು ಹೆಚ್ಚುಕಡಮೆ ನಿಷ್ಪ್ರಯೋಜಕವಾಗುತ್ತವೆ. ಆದರೆ ವಾಚಿಕದ ವಿಚಾರದಲ್ಲಿ ಭರತನು ಹೇಳಿರುವುದನ್ನು ಓದಿದರೆ, ಅದು ಇಂದಿನ ಧ್ವನಿಗ್ರಾಹಕದ ಮುಂದೆ ನಿಲ್ಲುವವನಿಗಾಗಿಯೇ ಹೇಳಿದಂತೆ ತೋರುತ್ತದೆ. ವಾಕ್ಕೇ ನಾಟ್ಯದ ಶರೀರವೆಂದು ಆತನು ಭಾವಿಸುತ್ತಾನೆ. ಪಾಠ್ಯದ ಗುಣಗಳನ್ನು ಹೇಳುವಾಗ ಸಪ್ತಸ್ವರಗಳು, ಮೂರು ಸ್ಥಾನಗಳು, ನಾಲ್ಕು ವರ್ಣಗಳು, ಎರಡು ಬಗೆಯ ಕಾಕು, ಆರು ಅಲಂಕಾರಗಳು, ಆರು ಅಂಗಗಳು ಎಂದು ವಿಂಗಡಿಸುತ್ತಾನೆ.

ಇವುಗಳಲ್ಲಿ ಸ್ಥಾನವಿಚಾರವು ನಮಗೆ ಮುಖ್ಯವಾದುದು. ಉರಸ್ಸು, ಕಂಠ, ಶಿರಸ್ಸು ಇವು ಮೂರು ಸ್ಥಾನಗಳು. ದೂರದಲ್ಲಿರುವವನನ್ನು ಕರೆಯುವಾಗ ಶಿರಸ್ಸಿನಿಂದಲೂ, ಹೆಚ್ಚು ದೂರವಿಲ್ಲದವನೊಡನೆ ಮಾತನಾಡುವಾಗ ಕಂಠದಿಂದಲೂ, ಪಕ್ಕದಲ್ಲಿರುವವನೊಡನೆ ಮಾತನಾಡುವಾಗ ಉರಸ್ಸಿನಿಂದಲೂ ಧ್ವನಿಯನ್ನು ಹೊರಡಿಸಬೇಕೆಂದು ವಿಧಾನ. ಪ್ರಸಾರದ ಕೊಠಡಿಯಲ್ಲಿ ನಡೆಯುವುದೂ ಇದೇ. ಪಾತ್ರಧಾರಿಗಳೆಲ್ಲರೂ ಒಂದೇ ಧ್ವನಿಗ್ರಾಹಕದ ಸುತ್ತ ಬರೆಹವನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಹೊಲದಾಚೆಯಿಂದ ಕೂಗುವವನು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮುಖವನ್ನು ಓರೆ ಮಾಡಿ, ಮೇಲಿನ ಸ್ಥಾಯಿಯಲ್ಲಿ ಕೂಗುತ್ತಾನೆ. ತನ್ನಲ್ಲಿ ತಾನೇ ಆಡಿಕೊಳ್ಳುವವನು ಒಂದು ಗೇಣಿನಷ್ಟು ಹತ್ತಿರಕ್ಕೆ ಬಂದು ಎದೆಯ ದನಿಯಲ್ಲಿ ಮೆಲ್ಲನೆ ನುಡಿಯುತ್ತಾನೆ. ನಾಟ್ಯಶಾಸ್ತ್ರದ ಜನಾಂತಿಕ ಅಪವಾರಿತಗಳಿಗೆ ರಂಗದಮೇಲೆ ಹಸ್ತಮುದ್ರೆಯ ಸಹಾಯ ಬೇಕಾಗಿತ್ತು. ಇಲ್ಲಿ ಈ ಅಂತರವೇ ಆ ಮುದ್ರೆಯ ಕೆಲಸವನ್ನು ಮಾಡುತ್ತದೆ. ದೂರದ ಮಾತನ್ನು ಧ್ವನಿಗ್ರಾಹಕದ ಬಳಿಯಲ್ಲೇ ನಿಂತು ಗಟ್ಟಿಯಾಗಿ ಕೂಗಿದರೆ, ಕೇಳುವವನಿಗೆ ದೂರವು ತೋರದೆ ಕೋಪ ಮಾತ್ರ ತೋರುತ್ತದೆ. ಹೊಸಬರು ಮೊದಲು ತಪ್ಪುವುದು ಇಲ್ಲಿಯೇ.

ಇನ್ನೊಂದು ಸಾಮ್ಯವೂ ಉಂಟು. ದಶರೂಪಕಗಳಲ್ಲಿ ಭಾಣವೆಂಬುದು ಒಬ್ಬನೇ ನಟನಿಂದ ನಡೆಯತಕ್ಕುದು. ಕಾಣದವರ ಮಾತನ್ನು ತಾನು ಕೇಳಿಸಿಕೊಂಡಂತೆ ನಟಿಸಿ, ಅದನ್ನು ತಾನೇ ಮತ್ತೆ ನುಡಿದು, ಅದಕ್ಕೆ ಉತ್ತರ ಕೊಡುವ ಕ್ರಮಕ್ಕೆ ಆಕಾಶಭಾಷಿತವೆಂದು ಹೆಸರು. ನಮ್ಮ ಹರಿಕಥೆಯ ದಾಸರು ಒಂದೇ ಬಾಯಿಂದ ರಾಮನನ್ನೂ ಶೂರ್ಪಣಖಿಯನ್ನೂ ಆಡಿಸುವುದು, ಗಮಕಿಯು ಪೀಠವನ್ನು ಬಿಟ್ಟೇಳದೆ ಕುಮಾರವ್ಯಾಸನ ಸಭಾಪರ್ವವನ್ನು ಕಣ್ಣಿಗೆ ಕಟ್ಟಿಸುವುದು, ಕರಾವಳಿಯ ತಾಳಮದ್ದಳೆಯ ಅರ್ಥಧಾರಿಯು ವೇಷಕುಣಿತಗಳಿಲ್ಲದೆ ಮಾತಿನಿಂದಲೇ ಪಾತ್ರವನ್ನು ನಿಲ್ಲಿಸುವುದು ಇವೆಲ್ಲವೂ ಅದೇ ಜಾತಿಯ ಕಲೆಗಳು. ಆದುದರಿಂದ ಬಾನುಲಿನಾಟಕದ ಯಂತ್ರವು ಹೊರಗಿನಿಂದ ಬಂದಿತಾದರೂ, ಅದನ್ನು ಕೇಳಬಲ್ಲ ಕಿವಿಯು ಕನ್ನಡನಾಡಿನಲ್ಲಿ ಮೊದಲೇ ಸಿದ್ಧವಾಗಿತ್ತು.

೩

ಕನ್ನಡನಾಡಿನ ಪ್ರಸಾರವು ಮೈಸೂರಿನಲ್ಲಿ ಆರಂಭವಾಯಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ೧೦ನೆಯ ದಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ೩೦ ವ್ಯಾಟ್ ಶಕ್ತಿಯ ಸಣ್ಣ ಪ್ರೇಷಕಯಂತ್ರವನ್ನು ನಡೆಯಿಸಿದರು. ತರುವಾಯ ೨೫೦ ವ್ಯಾಟಿನ ಯಂತ್ರವು ಬಂದಿತು. ಈ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟರು. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಪ್ರಸಿದ್ಧವಾದ ಹೇಳಿಕೆ. ೧೯೫೦ರ ದಶಕದಲ್ಲಿ ಇಡೀ ಭಾರತದ ಪ್ರಸಾರಸಂಸ್ಥೆಯೇ ಆ ಹೆಸರನ್ನು ಅಂಗೀಕರಿಸಿತು. ಮನಶ್ಶಾಸ್ತ್ರಜ್ಞರೊಬ್ಬರು ಈ ಕಾರ್ಯಕ್ಕೆ ಕೈಹಾಕಿದುದು ಅರ್ಥವತ್ತಾಗಿಯೇ ಇದೆ. ಕಿವಿಯಿಂದ ಕೇಳಿದುದು ಮನಸ್ಸಿನಲ್ಲಿ ಹೇಗೆ ರೂಪವಾಗುತ್ತದೆಯೆಂಬುದು ಅವರ ಶಾಸ್ತ್ರದ ಪ್ರಶ್ನೆಯಷ್ಟೆ.

ಮೈಸೂರಿನ ನಿಲಯವು ಮುಂದೆ ಸಂಸ್ಥಾನದ ಆಡಳಿತಕ್ಕೆ ಬಂದು, ೧೯೫೦ನೆಯ ಏಪ್ರಿಲ್ ೧ರಂದು ಅಖಿಲ ಭಾರತ ಪ್ರಸಾರಸಂಸ್ಥೆಯಲ್ಲಿ ಸೇರಿತು. ಅದೇ ವರ್ಷದ ಜನವರಿ ೮ರಂದು ಧಾರವಾಡದ ನಿಲಯವು ಪ್ರಾರಂಭವಾಗಿತ್ತು. ೧೯೫೫ನೆಯ ನವೆಂಬರ್ ೨ರಂದು ಬೆಂಗಳೂರಿನ ನಿಲಯವು ಆರಂಭವಾಗಿ ಮೈಸೂರಿನ ಕೆಲಸವು ಅಲ್ಲಿಗೆ ವರ್ಗವಾಯಿತು. ಇಲ್ಲಿಂದ ಮುಂದೆ ಕಂಠವನ್ನೇ ವೃತ್ತಿಯಾಗುಳ್ಳ ನಟವರ್ಗವೊಂದು ಬೆಂಗಳೂರಿನಲ್ಲಿ ನೆಲೆಗೊಂಡಿತು. ನಾಟಕ ವಿಭಾಗದಲ್ಲಿ ದುಡಿದ ಎನ್. ಎಸ್. ವಾಮನ್, ದೀರ್ಘಕಾಲ ಪಾತ್ರವಹಿಸಿದ ಯಮುನಾಮೂರ್ತಿ, ‘ಆಕಾಶವಾಣಿ ಈರಣ್ಣ’ ಎಂಬ ಹೆಸರಿನಿಂದಲೇ ಮನೆಮಾತಾದ ಎ. ಎಸ್. ಮೂರ್ತಿ ಇವರು ಆ ವರ್ಗದಲ್ಲಿ ಪ್ರಸಿದ್ಧರು.

ಈ ವೃತ್ತಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕಾದರೆ: ನಟನು ಮೊದಲು ಧ್ವನಿಪರೀಕ್ಷೆಗೆ ಒಳಗಾಗಬೇಕು. ಅದರಲ್ಲಿ ತೇರ್ಗಡೆಯಾದವರನ್ನು ಯೋಗ್ಯತೆಗನುಸಾರವಾಗಿ ಶ್ರೇಣಿಗಳಲ್ಲಿ ಇಡುತ್ತಾರೆ. ‘ಬಿ’ ಶ್ರೇಣಿಯಿಂದ ಹಿಡಿದು ‘ಎ’ ಶ್ರೇಣಿಯವರೆಗೆ, ಅದಕ್ಕೂ ಮೇಲಿನ ಉನ್ನತ ಶ್ರೇಣಿಯವರೆಗೆ ಏರಲು ಅವಕಾಶವುಂಟು. ನಿಲಯದ ನೌಕರರನ್ನು ಬಿಟ್ಟು ಉಳಿದವರಿಗೆ ಒಂದೊಂದು ನಾಟಕಕ್ಕೂ ಪ್ರತ್ಯೇಕವಾದ ಕರಾರು. ಮೊದಲ ಕಾಲದಲ್ಲಿ ನಾಟಕವನ್ನು ನೇರವಾಗಿಯೇ ಪ್ರಸಾರ ಮಾಡುತ್ತಿದ್ದುದರಿಂದ, ಕೆಂಪು ದೀಪವು ಹತ್ತಿದ ಮೇಲೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಹಾಳೆಯನ್ನು ತಿರುವುವ ಸದ್ದು ಕೂಡ ಕೇಳುವವನಿಗೆ ಸಭಾಭಂಗವನ್ನು ಮಾಡುತ್ತಿತ್ತು.

೪

ಇನ್ನು ಭಾಷೆಯ ವಿಚಾರ. ಮಧ್ಯಮತರಂಗದ ಪ್ರಸಾರದಲ್ಲಿ ಒಂದು ನಿಲಯಕ್ಕೂ ಇನ್ನೊಂದಕ್ಕೂ ನಮ್ಮ ದೇಶದಲ್ಲಿ ೯ ಕಿಲೋಹರ್ಟ್ಸಿನ ಅಂತರವನ್ನು ಗೊತ್ತುಮಾಡಿದೆ. ಇದರ ಫಲವಾಗಿ ಸೆಕೆಂಡಿಗೆ ಸುಮಾರು ೪,೫೦೦ ಕಂಪನಗಳಿಗಿಂತ ಮೇಲಿನ ಧ್ವನಿಯ ಅಂಶಗಳು ಕೇಳುವವನ ಪೆಟ್ಟಿಗೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಸ್ವರಾಕ್ಷರಗಳಿಗೆ ಇದರಿಂದ ಹೆಚ್ಚು ಹಾನಿಯಿಲ್ಲ. ಅವುಗಳ ಗುರುತು ಈ ಮಿತಿಯ ಒಳಗೇ ಇರುತ್ತದೆ. ಊಷ್ಮಾಕ್ಷರಗಳ ಗತಿ ಬೇರೆ. ಶಕಾರದ ಘೋಷವಿಲ್ಲದ ಮರ್ಮರವು ಬಹುಮಟ್ಟಿಗೆ ಈ ಮಿತಿಯೊಳಗೆ ಬರುತ್ತದೆ. ಸಕಾರದ ಶಕ್ತಿಯಾದರೋ ಹೆಚ್ಚಾಗಿ ಅದರ ಮೇಲಕ್ಕೆ ಬೀಳುತ್ತದೆ. ಆದುದರಿಂದ ಮಧ್ಯಮತರಂಗದಲ್ಲಿ ಸಕಾರವು ಸೊರಗಿ ಕೇಳಿಸುತ್ತದೆ. ಮಹಾಪ್ರಾಣಗಳದು ಮತ್ತೊಂದು ಕಷ್ಟ. ಪಕಾರ ಫಕಾರಗಳ ಉಸಿರು ನೇರವಾಗಿ ಧ್ವನಿಗ್ರಾಹಕಕ್ಕೆ ಬಡಿದರೆ ಅಕ್ಷರಕ್ಕೆ ಬದಲು ಸ್ಫೋಟದ ಸದ್ದು ಹೊರಡುತ್ತದೆ. ನುರಿತ ನಟನು ಅಂಥ ಶಬ್ದ ಬಂದಾಗ ಮುಖವನ್ನು ತುಸು ಪಕ್ಕಕ್ಕೆ ತಿರುಗಿಸುತ್ತಾನೆ.

ಕನ್ನಡದಲ್ಲಿ ಅರ್ಥಭೇದವನ್ನು ಮಾಡುವ ಉಚ್ಚಾರಣೆಯ ಸೂಕ್ಷ್ಮಗಳು ಬಹಳ. ಕಡು–ಕಾಡು ಎಂಬಲ್ಲಿ ಹ್ರಸ್ವದೀರ್ಘಗಳು, ಹಳಿ–ಹಳ್ಳಿ ಎಂಬಲ್ಲಿ ಒತ್ತು, ಕೊಲೆ–ಕೊಳೆ ಎಂಬಲ್ಲಿ ಲಕಾರಳಕಾರಗಳು ಅರ್ಥವನ್ನು ಬೇರ್ಪಡಿಸುತ್ತವೆ. ರಂಗದಮೇಲೆ ನಟನ ತುಟಿಯೂ ಕೈಯೂ ಸಂದರ್ಭವೂ ಇವಕ್ಕೆ ನೆರವಾಗುತ್ತವೆ. ಬಾನುಲಿಯಲ್ಲಿ ಕೇಳುಗನು ಒಮ್ಮೆ ತಪ್ಪಾಗಿ ಕೇಳಿಸಿಕೊಂಡರೆ ಪುಟವನ್ನು ಹಿಂದಕ್ಕೆ ತಿರುವಿ ನೋಡುವಂತಿಲ್ಲ. ರೈತರ ಕಾರ್ಯಕ್ರಮದ ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳೋಣ: ‘ಈ ವರ್ಷ ಬೆಳೆ ಬಂತು, ಬೆಲೆ ಬರಲಿಲ್ಲ.’ ಳಕಾರಕ್ಕೆ ನಾಲಗೆಯು ಸರಿಯಾಗಿ ಮಡಿಯದಿದ್ದರೆ ಈ ವಾಕ್ಯವು ಅರ್ಥಹೀನವಾಗುತ್ತದೆ. ಸರಿಯಾಗಿ ಮಡಿದರೆ ಒಂದು ಸಂಸಾರದ ವರ್ಷವೆಲ್ಲವೂ ಆ ಒಂದು ಅಕ್ಷರದ ವ್ಯತ್ಯಾಸದಲ್ಲಿ ಕೇಳಿಸುತ್ತದೆ.

೫

ಇದೇ ವಾಕ್ಯವನ್ನು ಮೂವರ ಬಾಯಲ್ಲಿ ಆಡಿಸಿ ನೋಡಬಹುದು. ಕೃಷಿ ಇಲಾಖೆಯ ಅಧಿಕಾರಿಯು ಇದನ್ನು ನಿರಾಕಾಂಕ್ಷ ಕಾಕುವಿನಲ್ಲಿ, ವಾಕ್ಯಾಂತ್ಯವನ್ನು ಇಳಿಸಿ, ವರದಿಯಂತೆ ಹೇಳುತ್ತಾನೆ. ದೇವನಹಳ್ಳಿಯ ಕಡೆಯ ರಾಗಿಯ ರೈತನು ‘ಈ ವರ್ಸ ಬೆಳೆ ಬಂತು, ಬೆಲೆ ಬರ್ಲಿಲ್ಲ’ ಎನ್ನುತ್ತಾನೆ; ‘ಬಂತು’ ಎಂಬಲ್ಲಿ ದನಿ ಮೇಲೆಯೇ ನಿಂತು, ಮುಂದೆ ಏನೋ ಇದೆಯೆಂಬ ಸಾಕಾಂಕ್ಷವನ್ನು ಉಂಟುಮಾಡುತ್ತದೆ. ಅವನ ಮುದಿತಾಯಿಯು ಅದನ್ನೇ ಆಡಿದರೆ ಎರಡು ತುಂಡುಗಳ ನಡುವೆ ಭರತನು ವಿಚ್ಛೇದವೆಂದು ಕರೆದ ನಿಲುಗಡೆಯೊಂದು ಬರುತ್ತದೆ. ಪದಗಳು ಒಂದೇ, ವ್ಯಕ್ತಿಗಳು ಮೂವರು.

ಈ ನಾಲ್ಕು ತಾಲ್ಲೂಕುಗಳ ಹಳ್ಳಿಯ ಮಾತು ಹಳೆಯ ಮೈಸೂರು ಸೀಮೆಯ ಪೂರ್ವಭಾಗದ ಆಡುಗನ್ನಡಕ್ಕೆ ಸೇರಿದುದು. ಪದಾದಿಯ ಹಕಾರವು ಬಿದ್ದುಹೋಗಿ ಹಾಲು ‘ಆಲು’ ಆಗುವುದು, ಹೊಲ ‘ಒಲ’ ಆಗುವುದು, ಶಕಾರಷಕಾರಗಳು ಸಕಾರವಾಗುವುದು, ಮಹಾಪ್ರಾಣವು ಅಲ್ಪಪ್ರಾಣವಾಗುವುದು, ‘ಇದೆ’ ಎಂಬಲ್ಲಿ ‘ಐತೆ’, ‘ಹೋಗಿದ್ದಾನೆ’ ಎಂಬಲ್ಲಿ ‘ಓಗವ್ನೆ’ ಎಂಬ ರೂಪಗಳು ಬರುವುದು ಇದರ ಲಕ್ಷಣಗಳು. ಹೊಸಕೋಟೆ ದೇವನಹಳ್ಳಿಗಳ ಅನೇಕ ಮನೆಗಳಲ್ಲಿ ತೆಲುಗೂ ಆಡುಮಾತಾಗಿರುವುದರಿಂದ ಅಲ್ಲಿಯ ಕನ್ನಡದ ಏರಿಳಿತಕ್ಕೆ ಅದರ ಛಾಯೆಯೂ ಸೇರಿಕೊಂಡಿದೆ. ಪದಾದಿಯ ವಿಕಾರ ವೀಕಾರಗಳಲ್ಲಿ ವಕಾರವು ಲೋಪವಾಗುವುದು ಈ ಮಾತಿನ ಇನ್ನೊಂದು ಗುರುತು: ವಿಷ ‘ಇಸ’ವಾಗುತ್ತದೆ, ವಿಚಾರ ‘ಇಚಾರ’ವಾಗುತ್ತದೆ, ವೀರಭದ್ರ ‘ಈರಬದ್ರ’ನಾಗುತ್ತಾನೆ.

ಎ. ಎಸ್. ಮೂರ್ತಿಯವರಿಗೆ ಬಾನುಲಿಯಿಂದ ಬಂದ ಹೆಸರನ್ನು ಈ ದೃಷ್ಟಿಯಿಂದ ನೋಡಬೇಕು. ‘ಈರಣ್ಣ’ ಎಂಬುದು ವೀರಣ್ಣನೆಂಬುದರ ಹಳ್ಳಿಯ ರೂಪ. ೧೯೧೯ರಲ್ಲಿ ಬೆಂಗಳೂರಿನಲ್ಲಿ ‘ಕಲಾಮಂದಿರ’ವನ್ನು ಸ್ಥಾಪಿಸಿದ ಚಿತ್ರಕಲಾವಿದ ಎ. ಎನ್. ಸುಬ್ಬರಾಯರ ಮಗನಾಗಿ ೧೯೨೯ರಲ್ಲಿ ಹುಟ್ಟಿದ ಮೂರ್ತಿಯವರು ನಾಟಕಗಳನ್ನು ಬರೆದರು, ಆಡಿಸಿದರು, ‘ಅಭಿನಯತರಂಗ’ವೆಂಬ ನಾಟಕಶಾಲೆಯನ್ನು ಕಟ್ಟಿದರು. ಆದರೂ ೨೦೧೨ರಲ್ಲಿ ಅವರು ತೀರಿಕೊಂಡಾಗಲೂ ಜನರು ಅವರನ್ನು ಗುರುತಿಸಿದುದು ಮುಖವಿಲ್ಲದ ಆ ಪಾತ್ರದ ಹೆಸರಿನಿಂದಲೇ. ಒಂದು ವಕಾರದ ಲೋಪದಿಂದ ಹೆಸರೇ ತನ್ನ ಊರನ್ನು ಹೇಳಿಕೊಳ್ಳುತ್ತದೆ. ‘ವೀರಣ್ಣ’ ಎಂದಿದ್ದರೆ ಕೇಳುಗನು ಆತನನ್ನು ತನ್ನ ಜಗಲಿಯ ಮೇಲೆ ಕೂರಿಸಿಕೊಳ್ಳುತ್ತಿದ್ದನೋ ಇಲ್ಲವೋ ಹೇಳುವಂತಿಲ್ಲ.

ಇಲ್ಲಿ ಹಿಂದಿನ ಪ್ರಕರಣದ ವಿಚಾರವನ್ನು ಜೋಡಿಸಿ ನೋಡಿದರೆ ಒಂದು ವಿಶೇಷವು ಹೊಳೆಯುತ್ತದೆ. ನಗರದ ನಟನು ಹಳ್ಳಿಯವನ ಪಾತ್ರಕ್ಕೆ ಮೊದಲು ಹಿಡಿಯುವ ಗುರುತು ‘ಶ’ ಎಂಬಲ್ಲಿ ‘ಸ’ ಎನ್ನುವುದು. ಮಧ್ಯಮತರಂಗವು ಅತ್ಯಂತ ದುರ್ಬಲವಾಗಿ ಒಯ್ಯುವ ಅಕ್ಷರವೂ ಅದೇ. ಆದುದರಿಂದ ಈ ಒಂದು ಗುರುತನ್ನೇ ನೆಚ್ಚಿದವನು ಬಾನುಲಿಯಲ್ಲಿ ಹಳ್ಳಿಯವನಾಗಲಾರನು. ಸ್ವರಗಳ ಅಳತೆ, ಒತ್ತಕ್ಷರಗಳ ಬಿಗಿ, ‘ಮಾಡುತ್ತಾ ಇದ್ದಾನೆ’ ಎಂಬುದು ‘ಮಾಡ್ತಾವ್ನೆ’ ಎಂದು ಕುಗ್ಗುವಾಗಿನ ಲಯ, ವಾಕ್ಯಾಂತ್ಯದ ಎಳೆತ ಇವುಗಳೇ ಅವನನ್ನು ಕಾಪಾಡತಕ್ಕವು. ಇವಾದರೋ ಕೇಳಿ ಕೇಳಿ ಕಿವಿಗೆ ಹತ್ತಬೇಕಾದುವು. ಅಕ್ಷರವನ್ನು ತಿದ್ದಿದ ಮಾತ್ರಕ್ಕೆ ಬಾರವು.

ಅಣಕಕ್ಕೂ ಅನುಕರಣಕ್ಕೂ ಇರುವ ಭೇದವು ಇಲ್ಲಿದೆ. ‘ಅಕ್ಕಿ’ ಎಂಬಲ್ಲಿ ‘ಹಕ್ಕಿ’ ಎನಿಸಿ ನಗಿಸುವುದು ನಮ್ಮ ಹಾಸ್ಯನಾಟಕಗಳಲ್ಲಿ ಸವೆದ ದಾರಿ. ಹಕಾರವಿಲ್ಲದ ಮಾತಿನವನು ಶಿಷ್ಟರ ಮುಂದೆ ತಪ್ಪಬಾರದೆಂಬ ಭಯದಿಂದ ಇಲ್ಲದ ಕಡೆಯಲ್ಲಿ ಹಕಾರವನ್ನು ಸೇರಿಸುವುದು ಭಾಷಾಶಾಸ್ತ್ರಕ್ಕೆ ತಿಳಿದ ಸಂಗತಿ. ಅದರ ಮೂಲದಲ್ಲಿರುವುದು ಸಂಕೋಚ. ಅಕ್ಷರವನ್ನು ಮಾತ್ರ ಕೇಳಿಸಿಕೊಂಡ ನಟನು ಅಲ್ಲಿ ನಗೆಯನ್ನು ಕಾಣುತ್ತಾನೆ. ಸಂಕೋಚವನ್ನೂ ಕೇಳಿಸಿಕೊಂಡವನು ಅದೇ ತಪ್ಪಿನಿಂದ ಕರುಣರಸವನ್ನು ಹುಟ್ಟಿಸಬಲ್ಲನು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿಯೋ ಘಾಟಿಯ ದನಗಳ ಜಾತ್ರೆಯಲ್ಲಿಯೋ ಕುಳಿತು ಬಾನುಲಿಯನ್ನು ಕೇಳುವವನಿಗೆ, ತನ್ನ ಮಾತು ಯಾವಾಗಲೂ ಕೋಡಂಗಿಯ ಬಾಯಲ್ಲಿಯೇ ಬಂದರೆ, ದುಃಖವನ್ನೂ ವಿವೇಕವನ್ನೂ ಹೇಳಲು ತನ್ನ ಭಾಷೆಯು ಯೋಗ್ಯವಲ್ಲವೆಂದು ಭಾಸವಾಗುವುದು ಸಹಜ. ಶ್ರವ್ಯನಟನ ಹೊಣೆಯು ರಂಗನಟನದಕ್ಕಿಂತ ಹೆಚ್ಚಿನದೆನ್ನಲು ಇದೇ ಕಾರಣ. ಆತನು ಮಾತನ್ನಲ್ಲದೆ ಬೇರೇನನ್ನೂ ಕೊಡುವುದಿಲ್ಲ; ಮಾತಿಗೆ ಮಾಡಿದ ಅವಮಾನವನ್ನು ಬೇರೆ ಯಾವುದರಿಂದಲೂ ಸರಿಪಡಿಸಲಾರನು.

೬

ಬಾನುಲಿಯ ನಟನಾವೃತ್ತಿಯು ದೀರ್ಘಕಾಲ ನಡೆಯಲು ಕಾರಣವೇನೆಂಬುದನ್ನೂ ಸ್ವಲ್ಪ ವಿಚಾರಿಸಬಹುದು. ರಂಗದಲ್ಲಿ ನಾಯಕಪಾತ್ರದ ಆಯುಸ್ಸು ಮುಖದ ಆಯುಸ್ಸಿಗೆ ಕಟ್ಟುಬಿದ್ದಿದೆ. ಕಂಠವು ಮುಖಕ್ಕಿಂತ ನಿಧಾನವಾಗಿ ಮುಪ್ಪಾಗುತ್ತದೆ. ಐವತ್ತು ದಾಟಿದ ನಟಿಯು ಬಾನುಲಿಯಲ್ಲಿ ಹದಿನೆಂಟರ ಶಕುಂತಲೆಯಾಗಬಹುದು. ಕಂಪೆನಿ ನಾಟಕಗಳ ಕಾಲದಲ್ಲಿ ಗಂಡಸರು ಸ್ತ್ರೀವೇಷ ಹಾಕುತ್ತಿದ್ದುದಕ್ಕೆ ಪ್ರತಿಯಾಗಿ ಬಾನುಲಿಯಲ್ಲಿ ಹೆಂಗಸರು ಹುಡುಗರ ಪಾತ್ರಗಳನ್ನು ನುಡಿಯುವುದು ರೂಢಿಯಾಯಿತು. ಹುಡುಗನ ದನಿ ಒಡೆಯುವ ಮೊದಲು ಅದು ಹೆಂಗಸಿನ ದನಿಗೆ ಹತ್ತಿರವಾಗಿರುವುದಷ್ಟೆ.

ಆದರೂ ಕಂಠಕ್ಕೆ ಮುಪ್ಪಿಲ್ಲವೆಂದಲ್ಲ. ವಯಸ್ಸಾದಂತೆ ಗಂಡಸಿನ ಸ್ಥಾಯಿಯು ಕೊಂಚ ಏರುವುದೂ ಹೆಂಗಸಿನದು ಇಳಿಯುವುದೂ ಉಂಟು, ಕಂಪನವು ಸೇರಿಕೊಳ್ಳುತ್ತದೆ, ಶ್ವಾಸದ ಅಳತೆ ಕಿರಿದಾಗುತ್ತದೆ. ಅನುಭವಸ್ಥನಾದ ನಟನು ಬರೆಹದಲ್ಲಿ ಉಸಿರೆಳೆಯುವ ಜಾಗಗಳನ್ನು ಮೊದಲೇ ಗುರುತುಹಾಕಿಕೊಂಡು, ತನ್ನ ಉಸಿರಿನ ನಿಲುಗಡೆಯು ಪಾತ್ರದ ಯೋಚನೆಯ ನಿಲುಗಡೆಯಾಗಿ ಕೇಳುವಂತೆ ಮಾಡುತ್ತಾನೆ. ಗಮಕಿಗಳು ಷಟ್ಪದಿಯ ಸಾಲನ್ನು ಅರ್ಥಕ್ಕೆ ಭಂಗಬಾರದಂತೆ ಒಡೆದು ವಾಚಿಸುವುದು ಇದೇ ವಿದ್ಯೆಯ ಇನ್ನೊಂದು ರೂಪ. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಿಗೂ ಇದರಿಂದ ಪ್ರಯೋಜನವುಂಟು. ಹಳಗನ್ನಡದ ಒಂದು ಚಂಪೂಗದ್ಯವನ್ನು ತರಗತಿಯಲ್ಲಿ ಉಸಿರಿನ ಜಾಗವನ್ನು ಗುರುತಿಸಿಕೊಂಡು ಓದಿದರೆ ಅನ್ವಯವು ಅರ್ಧ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

೭

ಕೊನೆಯದಾಗಿ ಒಂದು ವಿಜ್ಞಾಪನೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಲ್ಲುಗಳ ಮೇಲಿನ ಬರೆಹಗಳನ್ನು ಬಿ. ಎಲ್. ರೈಸ್ ಮಹಾಶಯರು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದರು. ಆ ಊರುಗಳಲ್ಲಿ ಸಾವಿರ ವರ್ಷದ ಹಿಂದೆ ಕನ್ನಡವನ್ನು ಹೇಗೆ ಕೆತ್ತುತ್ತಿದ್ದರೆಂಬುದು ಇಂದು ನಮಗೆ ತಿಳಿದಿದೆ. ಅದೇ ಊರುಗಳಲ್ಲಿ ಎಪ್ಪತ್ತು ವರ್ಷದ ಹಿಂದೆ ಕನ್ನಡವನ್ನು ಹೇಗೆ ಆಡುತ್ತಿದ್ದರೆಂಬುದಕ್ಕೆ ಅಂಥ ಸಂಪುಟವಿಲ್ಲ. ಗ್ರಿಯರ್ಸನ್ನರ ಭಾಷಾಸಮೀಕ್ಷೆಯ ಕಾಲದಲ್ಲಿಯೇ ಭಾರತದ ಭಾಷೆಗಳ ಮಾದರಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಡುವ ಕ್ರಮವು ಆರಂಭವಾಗಿತ್ತು. ಬಾನುಲಿಯ ನೇರ ಪ್ರಸಾರಗಳಿಗೆ ಆ ಭಾಗ್ಯವಿರಲಿಲ್ಲ. ಮೈಸೂರಿನ ಮೊದಲ ವರ್ಷಗಳ ನುಡಿಯು ಆಡಿದಂತೆಯೇ ಆರಿಹೋಯಿತು. ಧ್ವನಿಪಟ್ಟಿಯು ಬಂದಮೇಲೆ ಕೆಲವು ಉಳಿದಿವೆ. ಅವು ನಾಟಕಗಳೆಂಬ ಕಾರಣದಿಂದ ಭಾಷಾಶಾಸ್ತ್ರಜ್ಞರೂ, ಬರಿಯ ಧ್ವನಿಯೆಂಬ ಕಾರಣದಿಂದ ಸಾಹಿತ್ಯಚರಿತ್ರಕಾರರೂ ಅವುಗಳ ಕಡೆಗೆ ಸಾಕಷ್ಟು ಗಮನವಿತ್ತಿಲ್ಲ.

ಈ ತಾಲ್ಲೂಕುಗಳ ಮಾತು ವೇಗವಾಗಿ ಬದಲಾಗುತ್ತಿದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಮೇಲೆ ಸುತ್ತಣ ಹಳ್ಳಿಗಳಿಗೆ ಬೆಂಗಳೂರು ಹತ್ತಿರವಾಯಿತು. ‘ಓಗವ್ನೆ’ ಎನ್ನುತ್ತಿದ್ದ ಮನೆಯಲ್ಲಿ ಮೊಮ್ಮಕ್ಕಳು ‘ಹೋಗಿದ್ದಾರೆ’ ಎನ್ನುತ್ತಾರೆ. ಇದನ್ನು ತಡೆಯುವುದು ಯಾರ ಕೆಲಸವೂ ಅಲ್ಲ. ಹಿಂದಿನ ಮಾತಿನ ಸಾಕ್ಷಿಯನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೆಲಸ. ಅದಕ್ಕಾಗಿ ಮೂರು ಕಾರ್ಯಗಳನ್ನು ಸೂಚಿಸಬಹುದು. ಉಳಿದಿರುವ ನಾಟಕಧ್ವನಿಗಳಿಗೆ ಪಾತ್ರ, ನಟ, ವರ್ಷ, ಉಪಭಾಷೆ ಇವುಗಳನ್ನು ಗುರುತಿಸಿದ ಸೂಚಿಯೊಂದು ಸಿದ್ಧವಾಗಬೇಕು. ನಟರು ಗುರುತುಹಾಕಿಕೊಂಡ ಬರೆಹಗಳನ್ನು ತಾಳೆಯೋಲೆಯಷ್ಟೇ ಆದರದಿಂದ ಸಂಗ್ರಹಿಸಬೇಕು. ಉಸಿರು, ಒತ್ತು, ನಿಲುಗಡೆಗಳ ಆ ಗುರುತುಗಳು ಕಾಕುವಿಗೆ ಇರುವ ಲಿಖಿತ ಸಾಕ್ಷ್ಯ. ಹಳ್ಳಿಯ ಹಿರಿಯರ ಮಾತನ್ನೂ ಅದೇ ಮಾತನ್ನಾಡಿದ ನಟರ ಧ್ವನಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು; ಆಗ ಯಾರು ಅನುಕರಿಸಿದರು, ಯಾರು ಅಣಕಿಸಿದರು ಎಂಬುದು ನಿರ್ಣಯವಾಗುತ್ತದೆ.

ಕಲ್ಲಿನ ಅಕ್ಷರವು ಓದುವವನಿಗಾಗಿ ಶತಮಾನಗಳವರೆಗೆ ಕಾಯಬಲ್ಲುದು. ಧ್ವನಿಪಟ್ಟಿಗೆ ಆ ತಾಳ್ಮೆಯಿಲ್ಲ. ಆ ಧ್ವನಿಗಳನ್ನು ಕೇಳಿ ಇದು ಇಂಥವರದು, ಇಂಥ ಊರಿನದು ಎಂದು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ವಿದ್ವಾಂಸರೂ ಉಪಾಧ್ಯಾಯರೂ ಈ ಕಾರ್ಯಕ್ಕೆ ತೊಡಗಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.